ಕೋಲಾ ಬದಲು ಮನೆಯಲ್ಲಿ ಏನು ಮಾಡಿಕೊಡುತ್ತೀರಿ? ಮಗನಿಗೆ ಗುಳ್ಳೆ ಬೇಕೇ ಬೇಕಂತೆ

ಬೆಣ್ಣೆನಗರಿ (ದಾವಣಗೆರೆ)
ಎಲ್ಲರಿಗೂ ನಮಸ್ಕಾರ. ಮಗ ಒಂಬತ್ತನೇ ಕ್ಲಾಸು, ಮಗಳು ನಾಲ್ಕನೇ ಕ್ಲಾಸು. ಬಿಸಿಲು ಶುರುವಾದ ಮೇಲೆ ನಮ್ಮ ಫ್ರಿಜ್ಜಿನಲ್ಲಿ ಕೋಲಾದ ದೊಡ್ಡ ಬಾಟಲಿ ಖಾಯಂ ಆಗಿಬಿಟ್ಟಿದೆ. ನಮ್ಮ ಯಜಮಾನರಿಗೂ ಊಟದ ಜೊತೆ ಅದೇ ಬೇಕು. ಮೊನ್ನೆ ಲೇಬಲ್ ಓದಿದೆ. 100 ಮಿಲಿಗೆ ಹತ್ತೂವರೆ ಗ್ರಾಂ ಸಕ್ಕರೆ. ಮಗನ ಸ್ಟೀಲ್ ಲೋಟ 300 ಮಿಲಿ ಹಿಡಿಯುತ್ತದೆ. ಅಂದರೆ ಒಂದು ಲೋಟಕ್ಕೆ 30 ಗ್ರಾಂ ದಾಟಿತು, ಆರೇಳು ಚಮಚ! ಕಾಫಿಗೆ ಯಾರಾದರೂ ಅಷ್ಟು ಹಾಕಿದರೆ ನಾವು ಬೈಯುತ್ತೇವೆ ಅಲ್ವಾ?

ಮಜ್ಜಿಗೆ ಕೊಟ್ಟೆ, ನಿಂಬೆ ಪಾನಕ ಕೊಟ್ಟೆ, ಎಳನೀರೂ ತರಿಸಿದೆ. ಮಗಳು ಕುಡಿದಳು. ಮಗ ಮಾತ್ರ "ಅಮ್ಮಾ, ಇದರಲ್ಲಿ ಗ್ಯಾಸೇ ಇಲ್ಲ" ಅಂತ ಲೋಟ ಪಕ್ಕಕ್ಕಿಟ್ಟ. ಬೈದು ಬಿಡಿಸೋಕೆ ನನಗೆ ಇಷ್ಟವಿಲ್ಲ, ಹೊರಗೆ ಹೋಗಿ ಕುಡಿಯುತ್ತಾನೆ ಅಷ್ಟೆ. ಮನೆಯಲ್ಲೇ ಚುರುಚುರು ಅನ್ನುವಂಥದ್ದು, ಸಕ್ಕರೆ ಕಡಿಮೆ ಇರುವಂಥದ್ದು ಏನು ಮಾಡಬಹುದು? ಮಾಡಿ ನೋಡಿದವರು ದಯವಿಟ್ಟು ಅಳತೆ ಸಮೇತ ಹೇಳಿ.

ತೋಟದಮನೆ (ತುಮಕೂರು)
ತಾಯಿ, ನಮ್ಮ ಕಡೆ ಬೇಸಿಗೆಗೆ ರಾಗಿ ಅಂಬಲಿಗಿಂತ ತಂಪು ಬೇರೆ ಇಲ್ಲ. ರಾತ್ರಿ ಎರಡು ಚಮಚ ರಾಗಿ ಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ಎರಡು ಲೋಟ ಕುದಿಯುವ ನೀರಿಗೆ ಹಾಕಿ ಬೇಯಿಸಿ. ಆರಿದ ಮೇಲೆ ಮುಚ್ಚಿಡಿ. ಬೆಳಗ್ಗೆ ಸಣ್ಣಗೆ ಹುಳಿ ಬಂದಿರುತ್ತದೆ. ಮಜ್ಜಿಗೆ, ಉಪ್ಪು, ಜಜ್ಜಿದ ಈರುಳ್ಳಿ, ಕರಿಬೇವು ಹಾಕಿ ಕೊಡಿ. ಹೊಟ್ಟೆಯೂ ತುಂಬುತ್ತದೆ, ದಾಹವೂ ತೀರುತ್ತದೆ. ಹೊಲಕ್ಕೆ ಹೋಗುವವರು ಇವತ್ತಿಗೂ ಕುಡಿಯುತ್ತಾರೆ. ಮಕ್ಕಳಿಗೆ ಚಿಕ್ಕಂದಿನಿಂದ ಇದರ ರುಚಿ ಹಿಡಿಸಬೇಕು.

ಹುಬ್ಬಳ್ಳಿ_ಹವಾ
ಹಿರಿಯರೇ, ಅಂಬಲಿ ನನಗೂ ಇಷ್ಟ. ಆದರೆ ಅಕ್ಕ ಕೇಳುತ್ತಿರುವುದು ಬೇರೆ. ಹದಿನಾಲ್ಕು ವರ್ಷದ ಹುಡುಗ ಕೋಲಾ ಕೇಳಿದಾಗ ಅಂಬಲಿ ಕೊಟ್ಟರೆ ಅವನಿಗೆ ಅಂಬಲಿ ಮೇಲೂ ಸಿಟ್ಟು ಬರುತ್ತದೆ. ಅಂಬಲಿಯನ್ನು ಅಂಬಲಿಯ ಹೊತ್ತಿಗೆ ಕೊಡೋಣ.

ಅಕ್ಕಾ, ಕೋಲಾದಲ್ಲಿ ನಾಲಿಗೆಗೆ ಹಿಡಿಸುವುದು ಏನು ಅಂತ ಬಿಡಿಸಿ ನೋಡಿ. ಗ್ಯಾಸಿನ ಚುರುಕು, ಕೊರೆಯುವ ತಂಪು, ಹುಳಿ, ಆಮೇಲೆ ಸಿಹಿ. ಮೊದಲ ಮೂರರಿಂದ ದೊಡ್ಡ ತೊಂದರೆ ಇಲ್ಲ. ಅವನ್ನು ಹಾಗೇ ಉಳಿಸಿ, ಸಿಹಿಯನ್ನು ಮಾತ್ರ ವಾರವಾರ ಇಳಿಸುತ್ತಾ ಬನ್ನಿ. ಅಂಗಡಿಯ ಸಾದಾ ಸೋಡಾದಲ್ಲಿ ಸಕ್ಕರೆ ಸೊನ್ನೆ. ಅಲ್ಲಿಂದಲೇ ಶುರು ಮಾಡಿ. ಅರ್ಧ ನಿಂಬೆಹಣ್ಣು, ಚಿಟಿಕೆ ಉಪ್ಪು, ಚಿಟಿಕೆ ಹುರಿದ ಜೀರಿಗೆ ಪುಡಿ, ಮೇಲೆ ತಣ್ಣನೆ ಸೋಡಾ. ಬಸ್‌ಸ್ಟ್ಯಾಂಡಿನಲ್ಲಿ ಗೋಲಿ ಸೋಡಾ ಅಂಗಡಿಯವರು ಕೊಡುವುದೂ ಇದೇ.

ಒಂದು ಕಿವಿಮಾತು. ಉಪ್ಪು, ಜೀರಿಗೆ ಪುಡಿಯನ್ನು ನಿಂಬೆರಸದಲ್ಲಿ ಮೊದಲೇ ಕರಗಿಸಿ. ಸೋಡಾ ತುಂಬಿದ ಲೋಟಕ್ಕೆ ಮೇಲಿಂದ ಉಪ್ಪು ಉದುರಿಸಿದರೆ ನೊರೆ ಉಕ್ಕಿ ಮೇಜೆಲ್ಲ ಒದ್ದೆ, ಗ್ಯಾಸೂ ಹೋಯಿತು.

ಸೋಡಾಮನೆ (ಮೈಸೂರು)
ಮನೆಯಲ್ಲಿ ಮೂರು ಜನ ದಿನಾ ಕುಡಿಯುವವರಿದ್ದರೆ ಸೋಡಾ ಮಾಡುವ ಮೆಷಿನ್ ಒಳ್ಳೆಯದು. ಕರೆಂಟ್ ಬೇಡ. ಸಿಲಿಂಡರಿನಲ್ಲಿ 400 ಗ್ರಾಂ ಚಿಲ್ಲರೆ ಕಾರ್ಬನ್ ಡೈಆಕ್ಸೈಡ್ ಇರುತ್ತದೆ. 60 ಲೀಟರ್ ಸೋಡಾ ಆಗುತ್ತದೆ ಅಂತ ಬರೆದಿರುತ್ತಾರೆ. ನೀವು ಖಾರ ಗುಳ್ಳೆ ಇಷ್ಟಪಡುವವರಾದರೆ ಅಷ್ಟು ಬರುವುದಿಲ್ಲ.

ಜನ ಎಡವುವುದು ನೀರಿನ ವಿಷಯದಲ್ಲಿ. ಗ್ಯಾಸು ತಣ್ಣೀರಿನಲ್ಲಿ ಚೆನ್ನಾಗಿ ಕರಗುತ್ತದೆ. ಫ್ರಿಜ್ಜಿನಿಂದ ಆಗಷ್ಟೇ ತೆಗೆದ 5 ಡಿಗ್ರಿ ನೀರು, ನಮ್ಮ ಕೊಡದ 25 ಡಿಗ್ರಿ ನೀರಿಗಿಂತ ಸುಮಾರು ಎರಡರಷ್ಟು ಗ್ಯಾಸು ಹಿಡಿದಿಡುತ್ತದೆ. ನಲ್ಲಿ ನೀರಿಗೆ ಗ್ಯಾಸು ಬಿಟ್ಟು, ಆಮೇಲೆ ಐಸ್ ಹಾಕಿ "ಮೆಷಿನ್ ಸರಿ ಇಲ್ಲ" ಅನ್ನುವವರು ಜಾಸ್ತಿ. ನೀರನ್ನು ರಾತ್ರಿಯೇ ಫ್ರಿಜ್ಜಿನಲ್ಲಿಡಿ. ಗ್ಯಾಸು ಬಿಟ್ಟ ಮೇಲೆ ಮುಚ್ಚಳ ಬಿಗಿ ಮಾಡಿ ಹತ್ತು ನಿಮಿಷ ಮತ್ತೆ ಫ್ರಿಜ್ಜಿಗೆ. ಆಗ ಗುಳ್ಳೆ ಚೆನ್ನಾಗಿ ನಿಲ್ಲುತ್ತದೆ.

ಬರೀ ನೀರಿಗೆ ಮಾತ್ರ ಗ್ಯಾಸು ಬಿಡಿ. ಜ್ಯೂಸಿಗೆ, ಪಾನಕಕ್ಕೆ ಬಿಟ್ಟರೆ ನೊರೆ ಉಕ್ಕಿ ಮೆಷಿನ್ನಿನ ಬಾಯಿಗೆ ಸಿಹಿ ಅಂಟಿಕೊಳ್ಳುತ್ತದೆ. ಅದರ ಪ್ಲಾಸ್ಟಿಕ್ ಬಾಟಲಿಯನ್ನು ಬಿಸಿನೀರಲ್ಲಿ ತೊಳೆಯಬೇಡಿ. ಬಾಟಲಿ ಮೇಲೆ ಯಾವ ತಿಂಗಳವರೆಗೆ ಬಳಸಬಹುದು ಅಂತ ಇರುತ್ತದೆ, ಅದು ಮುಗಿದರೆ ಬದಲಿಸಿ. ಸಿಲಿಂಡರನ್ನು ವೆಲ್ಡಿಂಗ್ ಗ್ಯಾಸಿನವರ ಹತ್ತಿರ ತುಂಬಿಸಲೇಬೇಡಿ. ಕುಡಿಯುವ ಪದಾರ್ಥಕ್ಕೆ ಬಳಸುವ ಗ್ಯಾಸಿನ ಶುದ್ಧತೆ ಬೇರೆ.

ಅಷ್ಟು ದುಡ್ಡು ಹಾಕುವುದು ಬೇಡ ಅಂದರೆ ಸೋಡಾ ಸೈಫನ್ ಇದೆ, ಅಂದರೆ ಕ್ಯಾಪ್ಸೂಲಿನಿಂದ ಗ್ಯಾಸು ತುಂಬುವ ಗಟ್ಟಿ ಬಾಟಲಿ. ಒಂದು ಲೀಟರಿಗೆ 8 ಗ್ರಾಮಿನ ಒಂದು ಸಣ್ಣ ಕ್ಯಾಪ್ಸೂಲ್. ಕೊಳ್ಳುವಾಗ ಎಚ್ಚರ: ಕ್ರೀಮ್ ಉಬ್ಬಿಸುವ ಕ್ಯಾಪ್ಸೂಲೂ ನೋಡೋಕೆ ಹೀಗೇ ಇರುತ್ತದೆ, ಒಳಗಿರುವುದು ಬೇರೆ ಗ್ಯಾಸು.

ಬೆಣ್ಣೆನಗರಿ
ಸರ್, ತುಂಬಾ ಉಪಯೋಗ ಆಯಿತು. ಮೆಷಿನ್ನಿಗೆ ಮೊದಲು ಸುಮ್ನೆ ಒಂದು ಅನುಮಾನ. ಅಡುಗೆ ಸೋಡಾಗೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಬೆರೆಸಿ ಗುಳ್ಳೆ ತರಿಸುವ ವಿಡಿಯೋಗಳು ಬರುತ್ತಿವೆ. ಅದು ಸಾಕಾಗುವುದಿಲ್ಲವಾ? ಖರ್ಚೇ ಇಲ್ಲ.

ಸೋಡಾಮನೆ (ಮೈಸೂರು)
ಗುಳ್ಳೆ ಬರುತ್ತದೆ ಮೇಡಂ. ಆದರೆ ಉಪ್ಪಿನ ಅಂಶ ನೀರಲ್ಲೇ ಉಳಿಯುತ್ತದೆ. ಅಡುಗೆ ಸೋಡಾದ ಒಂದು ಗ್ರಾಮಿನಲ್ಲಿ ಸುಮಾರು 270 ಮಿಲಿಗ್ರಾಂ ಸೋಡಿಯಂ. ಅರ್ಧ ಟೀ ಚಮಚ ಅಂದರೆ 600 ಮಿಲಿಗ್ರಾಂ ದಾಟುತ್ತದೆ. ದೊಡ್ಡವರಿಗೆ ದಿನಕ್ಕೆ 2000 ಮಿಲಿಗ್ರಾಂ ಒಳಗಿರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಪ್ಪಿನಕಾಯಿ, ಚಟ್ನಿಪುಡಿ ಇರುವ ನಮ್ಮ ಊಟದಲ್ಲಿ ಅದು ಹೇಗೂ ಮೀರಿರುತ್ತದೆ. ಅದರ ಮೇಲೆ ಇದು. ಯಾವಾಗಲೋ ಒಮ್ಮೆ ಆಟಕ್ಕೆ ಮಾಡಲಿ, ದಿನಾ ಬೇಡ. ಬಿಪಿ ಇರುವವರು ಇರುವ ಮನೆಯಲ್ಲಂತೂ ಬೇಡವೇ ಬೇಡ. ಅಂಗಡಿಯ ಸೋಡಾ ಕೊಳ್ಳುವಾಗಲೂ ಸೋಡಿಯಂ ಎಷ್ಟು ಅಂತ ಲೇಬಲ್ ನೋಡಿ, ಕೆಲವರು ಸೋಡಿಯಂ ಬೈಕಾರ್ಬನೇಟ್ (ಅಡುಗೆ ಸೋಡಾವೇ) ಸೇರಿಸಿರುತ್ತಾರೆ.

ಕಡಲತಡಿ (ಮಂಗಳೂರು)
ಅಕ್ಕ, ನಿಮ್ಮ ಮಗನಿಗೆ ಪುನರ್ಪುಳಿ ಸೋಡಾ ಕೊಟ್ಟು ನೋಡಿ. ಬಣ್ಣ ನೋಡಿಯೇ ಕುಡಿಯುತ್ತಾನೆ. ಘಟ್ಟದ ಮೇಲಿನವರು ಮುರುಗಲು ಅನ್ನುತ್ತೀರಿ, ಅಂಗಡಿಯಲ್ಲಿ ಕೋಕಂ ಅಂತ ಕೇಳಿದರೆ ಸಿಗುತ್ತದೆ.

ಒಣ ಸಿಪ್ಪೆ ಹತ್ತು ಹನ್ನೆರಡು ತೆಗೆದುಕೊಳ್ಳಿ. ಒಂದೆರಡು ಸಲ ತೊಳೆಯಿರಿ, ಕೆಲವದರಲ್ಲಿ ಉಪ್ಪು ಜಾಸ್ತಿ ಇರುತ್ತದೆ. ಎರಡು ಲೋಟ ಉಗುರುಬೆಚ್ಚನೆ ನೀರಲ್ಲಿ ಒಂದು ಗಂಟೆ ನೆನೆಸಿ, ಚೆನ್ನಾಗಿ ಕಿವುಚಿ ಸೋಸಿ. ಗಾಢ ಕೆಂಪು ರಸ ಬರುತ್ತದೆ. ಅದಕ್ಕೆ ಹುರಿದ ಜೀರಿಗೆ ಪುಡಿ ಅರ್ಧ ಚಮಚ, ಒಂದು ಹಸಿಮೆಣಸು ಸೀಳಿ ಹಾಕಿ, ಕಪ್ಪು ಉಪ್ಪು ಚಿಟಿಕೆ, ಬೆಲ್ಲ ಒಂದೆರಡು ಚಮಚ. ಫ್ರಿಜ್ಜಿನಲ್ಲಿಡಿ. ಲೋಟಕ್ಕೆ ಕಾಲು ಭಾಗ ಈ ರಸ, ಮುಕ್ಕಾಲು ತಣ್ಣನೆ ಸೋಡಾ. ಸ್ಟೀಲ್ ಲೋಟ ಬೇಡ, ಗಾಜಿನ ಲೋಟದಲ್ಲೇ ಕೊಡಿ. ಕಣ್ಣಿಗೂ ಹಬ್ಬ ಆಗಬೇಕಲ್ಲ!

ಹಣ್ಣು ಸಿಗುವ ಕಾಲ ಏಪ್ರಿಲ್, ಮೇ. ಆಗ ಹಸಿ ಸಿಪ್ಪೆಗೆ ಸಕ್ಕರೆ ತುಂಬಿ ಭರಣಿಯಲ್ಲಿ ಬಿಸಿಲಿಗಿಟ್ಟು ಶರಬತ್ತು ಮಾಡುತ್ತೇವೆ. ವರ್ಷವಿಡೀ ಇರುತ್ತದೆ, ರುಚಿ ಅದ್ಭುತ. ಆದರೆ ಅದು ಸಕ್ಕರೆಯಲ್ಲೇ ನಿಂತಿರುವುದು. ನೀವು ಕೇಳಿದ ಕೆಲಸಕ್ಕೆ ಒಣ ಸಿಪ್ಪೆಯದೇ ಸರಿ.

ಶಿರಸಿಸೀಮೆ
ಮುರುಗಲಿಗೆ ನನ್ನದೂ ಒಂದು ಮತ. ಸಿಹಿ ಇಲ್ಲದೆಯೂ ಕುಡಿಯಬಹುದು ಅಂತ ಮಕ್ಕಳಿಗೆ ಗೊತ್ತಾಗೋಕೆ ನಮ್ಮ ಅಪ್ಪೆಹುಳಿಯನ್ನೂ ಹೇಳಿಬಿಡುತ್ತೇನೆ. ಅಪ್ಪೆಮಿಡಿ ಸಿಗದಿದ್ದರೆ ಹುಳಿ ಇರುವ ಯಾವ ಮಾವಿನಕಾಯಾದರೂ ಸರಿ. ಒಂದು ಕಾಯಿ ಬೇಯಿಸಿ, ತಿರುಳು ಕಿವುಚಿ, ಒಂದು ಲೀಟರ್ ನೀರು ಹಾಕಿ ತೆಳ್ಳಗೆ ಮಾಡಿ. ಉಪ್ಪು. ತೆಂಗಿನೆಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಹಸಿಮೆಣಸು ಒಗ್ಗರಣೆ, ಇಂಗು ಸ್ವಲ್ಪ ಧಾರಾಳವಾಗಿ. ಸಕ್ಕರೆ ಇಲ್ಲವೇ ಇಲ್ಲ. ಊಟದ ಕೊನೆಗೆ ಲೋಟಗಟ್ಟಲೆ ಕುಡಿಯುತ್ತೇವೆ, ಆಮೇಲೆ ಒಳ್ಳೆ ನಿದ್ದೆ.

ಗುಳ್ಳೆ ಬೇಕು ಅನ್ನುವವರಿಗೆ ನನ್ನ ತಂಗಿಯ ಮಕ್ಕಳು ಕಂಡುಹಿಡಿದ ದಾರಿ ಇದೆ. ಒಗ್ಗರಣೆ ಹಾಕದ ಗಟ್ಟಿ ಮಾವಿನ ತಿರುಳಿಗೆ ಉಪ್ಪು, ಜಜ್ಜಿದ ಹಸಿಮೆಣಸು, ಪುದೀನ ಹಾಕಿ ಸೋಡಾ ಸುರಿಯುತ್ತಾರೆ. ಎಣ್ಣೆ ಒಗ್ಗರಣೆ ಸೋಡಾಗೆ ಹೊಂದುವುದಿಲ್ಲ. ಇದು ಮಾತ್ರ ಸೊಗಸಾಗಿದೆ.

ಹಳ್ಳಿಸೊಗಡು
ಇಷ್ಟೆಲ್ಲ ಯಾಕೆ? ಸಕ್ಕರೆ ಬಿಟ್ಟು ಬೆಲ್ಲ ಹಾಕಿ, ಇಲ್ಲ ಜೇನುತುಪ್ಪ ಹಾಕಿ. ರಾಮನವಮಿ ಪಾನಕ ಕುಡಿದು ಯಾರಿಗೂ ಏನೂ ಆಗಿಲ್ಲ. ಬೆಲ್ಲದಲ್ಲಿ ಕಬ್ಬಿಣದ ಅಂಶ ಇದೆ. ಎಷ್ಟು ಕುಡಿದರೂ ಒಳ್ಳೆಯದೇ.

ಸಿಹಿಕಡಿಮೆ (ಬೆಂಗಳೂರು)
ಅಣ್ಣ, ನನಗೆ ಸಕ್ಕರೆ ಕಾಯಿಲೆ ಇದೆ, ಆದ್ದರಿಂದ ಇಲ್ಲಿ ಸುಮ್ಮನಿರೋಕೆ ಆಗುವುದಿಲ್ಲ. ಬೆಲ್ಲದಲ್ಲಿ ಹೆಚ್ಚಿನ ಪಾಲು ಸುಕ್ರೋಸ್. ಸಕ್ಕರೆಯೂ ಅದೇ. ಬೆಲ್ಲಕ್ಕೆ ಪರಿಮಳ ಇದೆ, ಒಂದಿಷ್ಟು ಖನಿಜ ಇದೆ, ನಿಜ. ಆದರೆ ಒಂದು ಲೋಟ ಪಾನಕಕ್ಕೆ ಹಾಕುವ ಬೆಲ್ಲದಿಂದ ಸಿಗುವ ಕಬ್ಬಿಣ ಲೆಕ್ಕಕ್ಕೆ ಬರುವಷ್ಟಲ್ಲ. ಅದಕ್ಕೆ ಸೊಪ್ಪು, ಕಾಳು ತಿನ್ನೋಣ. ರಕ್ತದಲ್ಲಿ ಸಕ್ಕರೆ ಏರುವುದು ಎರಡರಿಂದಲೂ.

2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಮಿತಿ ಹೇಳಿತು. ಮೇಲಿಂದ ಸೇರಿಸುವ ಸಿಹಿ ದಿನದ ಒಟ್ಟು ಶಕ್ತಿಯ 10 ಶೇಕಡಾ ಒಳಗಿರಲಿ, 5 ಶೇಕಡಾಕ್ಕೆ ಇಳಿದರೆ ಇನ್ನೂ ಒಳ್ಳೆಯದು ಅಂತ. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಅದು 50 ಗ್ರಾಂ, 25 ಗ್ರಾಂ ಆಗುತ್ತದೆ. ಜೇನುತುಪ್ಪ, ಹಣ್ಣಿನ ಜ್ಯೂಸಿನ ಸಿಹಿಯೂ ಅದೇ ಲೆಕ್ಕಕ್ಕೆ ಸೇರುತ್ತದೆ. ಇಡೀ ಹಣ್ಣು ಕಚ್ಚಿ ತಿಂದರೆ ಸೇರುವುದಿಲ್ಲ. ಹಾಗಾಗಿ ಕರಬೂಜ, ಕಲ್ಲಂಗಡಿಯನ್ನು ಜ್ಯೂಸ್ ಮಾಡುವ ಬದಲು ಹೆಚ್ಚಿ ಕೊಡಿ, ಪಕ್ಕದಲ್ಲಿ ಸಾದಾ ಸೋಡಾ ಇರಲಿ.

ರಾಮನವಮಿ ಪಾನಕ ನಾನೂ ಬಿಟ್ಟಿಲ್ಲ. ಒಂದು ಚಿಕ್ಕ ಲೋಟ, ಶುಂಠಿ ಏಲಕ್ಕಿ ಜಾಸ್ತಿ, ಬೆಲ್ಲ ಕಡಿಮೆ. ಹಬ್ಬ ವರ್ಷಕ್ಕೊಮ್ಮೆ, ಕೋಲಾ ದಿನಾ. ಇವೆರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಎಳನೀರಿನ ಬಗ್ಗೆಯೂ ಒಂದು ಮಾತು. ಕೋಲಾಗಿಂತ ಸಿಹಿ ತುಂಬಾ ಕಡಿಮೆ. ಆದರೆ ಪೊಟ್ಯಾಸಿಯಂ ಚೆನ್ನಾಗಿ ಇದೆ. ಕಿಡ್ನಿ ತೊಂದರೆ ಇರುವವರು ಡಾಕ್ಟರ್ ಕೇಳಿಯೇ ಕುಡಿಯಿರಿ. ಇನ್ನು ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಕೊಡಲೇಬಾರದು.

ಅಡುಗೆಕೋಣೆ (ಶಿವಮೊಗ್ಗ)
ಅಳತೆ ಕೇಳಿದ್ದಿರಲ್ಲ ಅಕ್ಕ, ನಮ್ಮ ಮನೆಯ ಎರಡು ಗಟ್ಟಿ ರಸ ಹೇಳುತ್ತೇನೆ. ಮಾಡಿಟ್ಟರೆ ಮಕ್ಕಳು ತಾವೇ ಬೆರೆಸಿಕೊಳ್ಳುತ್ತಾರೆ.

ಶುಂಠಿಯದು: 100 ಗ್ರಾಂ ಹಸಿ ಶುಂಠಿ ತುರಿದು ಅರ್ಧ ಲೀಟರ್ ನೀರಲ್ಲಿ ಸಣ್ಣ ಉರಿಯಲ್ಲಿ ಕಾಲು ಗಂಟೆ ಕುದಿಸಿ. ಸೋಸಿ, ಬಿಸಿ ಇರುವಾಗಲೇ 100 ಗ್ರಾಂ ಬೆಲ್ಲ ಕರಗಿಸಿ. ಬೆಲ್ಲದಲ್ಲಿ ಕಸ ಇರುತ್ತದೆ, ಮತ್ತೊಮ್ಮೆ ಸೋಸಿ. ಪೂರ್ತಿ ಆರಿದ ಮೇಲೆ ಎರಡು ನಿಂಬೆಹಣ್ಣಿನ ರಸ ಹಿಂಡಿ. ಸುಮಾರು 400 ಮಿಲಿ ಆಗುತ್ತದೆ. ಒಂದು ಲೋಟ ಸೋಡಾಗೆ ಇದು 30 ಮಿಲಿ, ಎರಡು ಊಟದ ಚಮಚ. ಅದರಲ್ಲಿ ಬೆಲ್ಲ ಏಳೂವರೆ ಗ್ರಾಂ. ಅಷ್ಟೇ ಲೋಟ ಕೋಲಾದಲ್ಲಿ 20 ಗ್ರಾಮಿಗಿಂತ ಜಾಸ್ತಿ. ಮುಂದಿನ ಸಲ ಬೆಲ್ಲ 80 ಮಾಡಿ, ಆಮೇಲೆ 60. ಯಾರಿಗೂ ಹೇಳಬೇಡಿ. ಶುಂಠಿಯ ಖಾರ ಇರುವುದರಿಂದ ಸಿಹಿ ಇಳಿದಿದ್ದು ಗೊತ್ತಾಗುವುದಿಲ್ಲ. 60 ಗ್ರಾಮಿಗೆ ಬಂದರೆ ಲೋಟಕ್ಕೆ ಒಂದು ಚಮಚ ಬೆಲ್ಲವಷ್ಟೆ.

ಜೀರಿಗೆಯದು: ನಾಲ್ಕು ಚಮಚ ಜೀರಿಗೆ ಘಮ್ಮೆನ್ನುವವರೆಗೆ ಹುರಿದು ಒರಟಾಗಿ ಪುಡಿ ಮಾಡಿ, ಎರಡು ಲೋಟ ನೀರಲ್ಲಿ ಹತ್ತು ನಿಮಿಷ ಕುದಿಸಿ. ಕಾಳುಮೆಣಸು ಏಳೆಂಟು ಜಜ್ಜಿ ಹಾಕಿ. ತೆಳು ಬಟ್ಟೆಯಲ್ಲಿ ಸೋಸಿ. ಕಪ್ಪು ಉಪ್ಪು, ನಿಂಬೆರಸ, ಬೆಲ್ಲ ಎರಡು ಚಮಚ. ಪುತ್ತೂರಿನ ಬಿಂದು ಜೀರಾ ಕುಡಿದು ಬೆಳೆದ ನಮ್ಮ ಮಕ್ಕಳಿಗೆ ಇದು ಬೇಗ ಒಗ್ಗಿತು.

ಎರಡನ್ನೂ ಕುದಿನೀರಲ್ಲಿ ತೊಳೆದು ಒಣಗಿಸಿದ ಗಾಜಿನ ಬಾಟಲಿಯಲ್ಲಿ ಫ್ರಿಜ್ಜಿನಲ್ಲಿಡಿ. ಒಂದು ವಾರದಲ್ಲಿ ಮುಗಿಸಿ. ಸಿಹಿ ಕಡಿಮೆ ಇದ್ದಷ್ಟೂ ಬೇಗ ಕೆಡುತ್ತದೆ.

ಹಲ್ಲಿನಡಾಕ್ಟರ್
ವೃತ್ತಿಯಿಂದ ದಂತವೈದ್ಯೆ. ಇಷ್ಟು ಒಳ್ಳೆ ಮಾತುಕತೆಯಲ್ಲಿ ಹಲ್ಲಿನ ಮಾತು ಯಾರೂ ಎತ್ತಿಲ್ಲ ಅಂತ ಬರೆಯುತ್ತಿದ್ದೇನೆ.

ಹಲ್ಲಿನ ಹೊರಗಿನ ಗಟ್ಟಿ ಪದರ ಸುಮಾರು 5.5 ಪಿಎಚ್‌ಗಿಂತ ಕೆಳಗೆ ಕರಗೋಕೆ ಶುರುವಾಗುತ್ತದೆ. ಪಿಎಚ್ ಇಳಿದಷ್ಟೂ ಹುಳಿ ಜಾಸ್ತಿ. ಕೋಲಾದ ಪಿಎಚ್ ಎರಡೂವರೆ ಆಸುಪಾಸು. ಬರೀ ನಿಂಬೆರಸವೂ ಅಷ್ಟೇ. ನಿಂಬೆ, ಪುನರ್ಪುಳಿ, ಮಾವಿನಕಾಯಿ ಎಲ್ಲವೂ ಹುಳಿಯೇ. ಸಕ್ಕರೆ ತೆಗೆದರೆ ಹುಳುಕಿನ ಭಯ ತುಂಬಾ ಇಳಿಯುತ್ತದೆ, ಆದರೆ ಹುಳಿ ಹಲ್ಲು ಸವೆಸುವುದು ನಿಲ್ಲುವುದಿಲ್ಲ. ಸಾದಾ ಸೋಡಾ ನೀರು ಸ್ವಲ್ಪ ಹುಳಿ ಅಷ್ಟೆ, ಅದರ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ.

ಆದ್ದರಿಂದ ಊಟದ ಜೊತೆ ಕುಡಿದು ಮುಗಿಸಲಿ. ಒಂದು ಬಾಟಲಿ ಹಿಡಿದುಕೊಂಡು ಓದುತ್ತಾ, ಮೊಬೈಲ್ ನೋಡುತ್ತಾ ಎರಡು ಗಂಟೆ ಗುಟುಕು ಗುಟುಕಾಗಿ ಹೀರುವುದು ಎಲ್ಲಕ್ಕಿಂತ ಕೆಟ್ಟದ್ದು. ಕುಡಿದ ಮೇಲೆ ಬಾಯಿ ಮುಕ್ಕಳಿಸಲಿ. ಕೂಡಲೇ ಹಲ್ಲುಜ್ಜಬಾರದು, ಮೆತ್ತಗಾದ ಪದರ ಉಜ್ಜಿ ಹೋಗುತ್ತದೆ. ಅರ್ಧ ಗಂಟೆಯಾದರೂ ಬಿಡಿ. ಮಲಗುವ ಮುಂಚೆ ನೀರು ಬಿಟ್ಟು ಬೇರೇನೂ ಬೇಡ.

ಹುಬ್ಬಳ್ಳಿ_ಹವಾ
ಮೇಡಂ, ಗ್ಯಾಸು ಕುಡಿದರೆ ಮೂಳೆ ಸವೆಯುತ್ತದೆ ಅಂತ ನಮ್ಮ ಮನೆಯಲ್ಲಿ ದೊಡ್ಡ ವಾದ. ನಿಜವಾ?

ಹಲ್ಲಿನಡಾಕ್ಟರ್
ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ ಇದನ್ನು ನೋಡಿದ್ದಾರೆ, 2006ರಲ್ಲಿ ವರದಿ ಬಂತು. ಜಾಸ್ತಿ ಕೋಲಾ ಕುಡಿಯುವ ಹೆಂಗಸರ ಸೊಂಟದ ಮೂಳೆಯ ಸಾಂದ್ರತೆ ಕಡಿಮೆ ಕಂಡಿತು. ಗ್ಯಾಸಿರುವ ಬೇರೆ ಪಾನೀಯ ಕುಡಿಯುವವರಲ್ಲಿ ಹಾಗೆ ಕಾಣಲಿಲ್ಲ. ಅಂದರೆ ಗುಳ್ಳೆಯ ಮೇಲೆ ತಪ್ಪು ಹೊರಿಸೋಕೆ ಆಧಾರ ಇಲ್ಲ. ಎದೆಯುರಿ, ಹುಳಿತೇಗು ಇರುವವರಿಗೆ ಮಾತ್ರ ಸೋಡಾ ತೊಂದರೆ ಕೊಡಬಹುದು. ಅವರಿಗೆ ತೋಟದಮನೆಯವರು ಹೇಳಿದ ರಾಗಿ ಅಂಬಲಿಯೇ ವಾಸಿ, ಈರುಳ್ಳಿ ಮೆಣಸು ಹಾಕದೆ.

ಬುರುಗು (ಬೆಂಗಳೂರು)
ಮೆಷಿನ್ ಇಲ್ಲದೆ, ಅಡುಗೆ ಸೋಡಾ ಇಲ್ಲದೆ ಗುಳ್ಳೆ ತರಿಸುವ ಇನ್ನೊಂದು ದಾರಿ ಹುದುಗಿಸುವುದು. ದೋಸೆ ಹಿಟ್ಟು ಉಬ್ಬಿಸುವ ನಮಗೆ ಇದು ಹೊಸದಲ್ಲ, ಆದರೆ ಬಾಟಲಿ ಮುಚ್ಚಿಡುವುದರಿಂದ ಎಚ್ಚರ ಜಾಸ್ತಿ ಬೇಕು.

ಶುಂಠಿಯಿಂದ ಶುರು ಮಾಡಿ. ಗಾಜಿನ ಜಾಡಿಯಲ್ಲಿ ಕುದಿಸಿ ಆರಿಸಿದ ನೀರು ಎರಡು ಲೋಟ. ನಲ್ಲಿ ನೀರಿನ ಕ್ಲೋರಿನ್ ಇದ್ದರೆ ಹುದುಗು ಸರಿಯಾಗಿ ಏಳುವುದಿಲ್ಲ. ಸಿಪ್ಪೆ ಸಮೇತ ತುರಿದ ಶುಂಠಿ ಒಂದು ಚಮಚ, ಸಕ್ಕರೆ ಒಂದು ಚಮಚ. ಬೇಕಾದ ಯೀಸ್ಟ್ ಆ ಸಿಪ್ಪೆಯ ಮೇಲೇ ಇರುತ್ತದೆ. ತೆಳು ಬಟ್ಟೆ ಕಟ್ಟಿ. ದಿನಾ ಒಂದೊಂದು ಚಮಚ ಶುಂಠಿ, ಸಕ್ಕರೆ ಸೇರಿಸಿ ಕಲಕಿ. ಬೆಂಗಳೂರಿನ ಹವೆಯಲ್ಲಿ ನಾಲ್ಕೈದು ದಿನಕ್ಕೆ ಬುರುಗು ಏಳುತ್ತದೆ. ದಾವಣಗೆರೆ ಸೆಕೆಯಲ್ಲಿ ಇನ್ನೂ ಬೇಗ. ವಾಸನೆ ಹುಳಿಹುಳಿಯಾಗಿ, ಶುಂಠಿಯದಾಗಿರಬೇಕು. ಬೂಷ್ಟು ಕಂಡರೆ ಯೋಚನೆ ಮಾಡದೆ ಚೆಲ್ಲಿ.

ಒಂದು ಲೀಟರ್ ತಣಿದ ಶುಂಠಿ ಕಷಾಯಕ್ಕೆ 50 ಗ್ರಾಂ ಬೆಲ್ಲ, ನಿಂಬೆರಸ, ಈ ಬುರುಗಿನ ನೀರು ಅರ್ಧ ಲೋಟ. ಹಳೆಯ ಸೋಡಾದ ಪ್ಲಾಸ್ಟಿಕ್ ಬಾಟಲಿಗೆ ತುಂಬಿ, ಮೇಲೆ ನಾಲ್ಕು ಬೆರಳು ಜಾಗ ಬಿಡಿ. ಬಾಟಲಿ ಒತ್ತಿ ನೋಡಿದರೆ ಒಳಗಿನ ಒತ್ತಡ ಗೊತ್ತಾಗುತ್ತದೆ. ಕಲ್ಲಿನಂತೆ ಗಟ್ಟಿ ಆದ ಕೂಡಲೇ ಫ್ರಿಜ್ಜಿಗೆ. ಸೆಕೆಯಲ್ಲಿ ಒಂದೇ ದಿನ ಸಾಕಾಗಬಹುದು. ಗಾಜಿನ ಬಾಟಲಿ ದಯವಿಟ್ಟು ಬೇಡ. ಒತ್ತಡ ಹೆಚ್ಚಾಗಿ ಗಾಜು ಒಡೆದು ಚೂರುಗಳು ಸಿಡಿಯುತ್ತವೆ. ಮಕ್ಕಳಿರುವ ಮನೆ ನಿಮ್ಮದು.

ಯೀಸ್ಟ್ ಸ್ವಲ್ಪ ಸಕ್ಕರೆ ತಿನ್ನುತ್ತದೆ, ಎಲ್ಲವನ್ನೂ ಅಲ್ಲ. ಹಾಕಿದ ಬೆಲ್ಲ ಪೂರ್ತಿ ಮಾಯವಾಯಿತು ಅಂದುಕೊಳ್ಳಬೇಡಿ.

ಬೆಣ್ಣೆನಗರಿ
ಅಣ್ಣ, ಯೀಸ್ಟ್ ಅಂದರೆ ಅದರಲ್ಲಿ ಮದ್ಯದ ಅಂಶ ಬರುವುದಿಲ್ಲವಾ? ನಮ್ಮ ಅತ್ತೆ ಕೇಳುತ್ತಿದ್ದಾರೆ.

ಬುರುಗು (ಬೆಂಗಳೂರು)
ಅತ್ತೆ ಸರಿಯಾಗೇ ಕೇಳಿದ್ದಾರೆ. ಬರುತ್ತದೆ. ಬೇಗ ಫ್ರಿಜ್ಜಿಗಿಟ್ಟರೆ ತೀರಾ ಕಡಿಮೆ, ಹೊರಗೆ ಬಿಟ್ಟಷ್ಟೂ ಹೆಚ್ಚು. ಟೀಯನ್ನು ಹುದುಗಿಸಿ ಮಾಡುವ ಕೊಂಬುಚಾದ್ದೂ ಇದೇ ಕತೆ, ಅದರಲ್ಲಿ ಟೀ ಇರುವುದರಿಂದ ಕೆಫೀನೂ ಸೇರುತ್ತದೆ. ಮಕ್ಕಳಿಗೆ, ಬಸುರಿಯರಿಗೆ, ರೋಗನಿರೋಧಕ ಶಕ್ತಿ ಕಡಿಮೆ ಇರುವವರಿಗೆ ಕೊಡಬೇಡಿ. ವ್ರತ, ಧರ್ಮದ ಕಾರಣಕ್ಕೆ ಮದ್ಯ ಮುಟ್ಟದ ಮನೆಗಳಲ್ಲಿ ಇದನ್ನು ಹೇಳದೆ ಬಡಿಸುವುದು ಸರಿಯಲ್ಲ. ನಿಮ್ಮ ಮಕ್ಕಳಿಗೆ ಸೋಡಾ ಮೆಷಿನ್ನೋ ಅಂಗಡಿ ಸೋಡಾನೋ ಸಾಕು. ನಾನು ಬರೆದಿದ್ದು ಇಲ್ಲಿ ಓದುತ್ತಿರುವ ದೊಡ್ಡವರಿಗೆ.

ಟೆಕ್ಸಾಸ್_ಕನ್ನಡಿಗ
ಇಲ್ಲಿ ಮೆಕ್ಸಿಕೊದವರ ಅಂಗಡಿಗಳಲ್ಲಿ ಹಮೈಕಾ ಅಂತ ಒಣಗಿದ ಕೆಂಪು ಹೂವಿನ ದಳದಂಥದ್ದು ಸಿಗುತ್ತದೆ. ನಮ್ಮ ಪುಂಡಿ ಸೊಪ್ಪಿನ ಗಿಡದ ಬಳಗದ್ದೇ. ಬಯಲುಸೀಮೆಯಲ್ಲಿ ಪುಂಡಿ ಪಲ್ಯ ತಿಂದು ಬೆಳೆದ ನನಗೆ ಆ ಹುಳಿ ಕೂಡಲೇ ಗುರುತು ಸಿಕ್ಕಿತು. ಒಂದು ಹಿಡಿ ಹಾಕಿ ಒಂದು ಲೀಟರ್ ನೀರು ಕುದಿಸಿ, ಹತ್ತು ನಿಮಿಷ ಮುಚ್ಚಿಟ್ಟು ಸೋಸಿದರೆ ದಾಳಿಂಬೆ ಬಣ್ಣ. ಅವರು ಸಕ್ಕರೆ ಸುರಿಯುತ್ತಾರೆ. ನಾವು ಒಂದು ಚೂರು ಚಕ್ಕೆ, ಕಿತ್ತಳೆ ಹೋಳು ಹಾಕಿ ಅರ್ಧಕ್ಕರ್ಧ ಸೋಡಾ ಬೆರೆಸುತ್ತೇವೆ. ಊರಲ್ಲಿ ಆನ್‌ಲೈನ್‌ನಲ್ಲಿ ದಾಸವಾಳದ ಟೀ ಅಂತ ಇದು ಸಿಗುತ್ತದೆ. ಬಿಪಿ ಮಾತ್ರೆ ತೆಗೆದುಕೊಳ್ಳುವವರು ದಿನಾ ಕುಡಿಯುವ ಮುಂಚೆ ಡಾಕ್ಟರಿಗೆ ಹೇಳಿ, ಇದು ಬಿಪಿಯನ್ನು ಒಂಚೂರು ಇಳಿಸುತ್ತದೆ.

ಬೆಣ್ಣೆನಗರಿ
ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ! ಮೆಷಿನ್ ಇನ್ನೂ ತಂದಿಲ್ಲ, ಅಂಗಡಿ ಸೋಡಾದಲ್ಲೇ ನಡೆಯುತ್ತಿದೆ. ಜೀರಿಗೆಯದು ಯಜಮಾನರಿಗೆ ತುಂಬಾ ಹಿಡಿಸಿತು. ಪುನರ್ಪುಳಿಯನ್ನು ಮಗಳು "ಪಿಂಕ್ ಸೋಡಾ" ಅಂತ ಗೆಳತಿಯರಿಗೆಲ್ಲ ಕೊಟ್ಟು ಬಂದಳು. ಶುಂಠಿಗೆ ಬೆಲ್ಲ 80 ಗ್ರಾಮಿಗೆ ಇಳಿಸಿದ್ದೇನೆ, ಯಾರೂ ಕೇಳಿಲ್ಲ.

ಮಗನೂ ಕುಡಿಯುತ್ತಾನೆ. ಆದರೆ "ಇದು ಚೆನ್ನಾಗಿದೆ, ಕೋಲಾ ರುಚಿ ಬೇರೆ" ಅನ್ನುತ್ತಾನೆ. ಆ ರುಚಿ ಮನೆಯಲ್ಲಿ ಬರಿಸೋಕೆ ಆಗುತ್ತದಾ? ಯಜಮಾನರಿಗೆ ಡಯಟ್ ಕೋಲಾ ಕುಡಿಯಲಾ ಅಂತ ಯೋಚನೆ. ಕೋಲಾ ಬಿಟ್ಟ ಮೊದಲೆರಡು ದಿನ ತಲೆನೋವು ಅಂತಲೂ ಅಂದರು, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಸಿಹಿಕಡಿಮೆ (ಬೆಂಗಳೂರು)
ತಲೆನೋವು ಕೆಫೀನಿನದಿರಬಹುದು. ಕೋಲಾದಲ್ಲಿ 100 ಮಿಲಿಗೆ ಹತ್ತು ಮಿಲಿಗ್ರಾಂ ಆಸುಪಾಸು ಇರುತ್ತದೆ. ದಿನಾ ಜಾಸ್ತಿ ಕುಡಿಯುತ್ತಿದ್ದವರು ಒಮ್ಮೆಲೇ ಬಿಟ್ಟರೆ ತಲೆ ಭಾರ ಆಗುತ್ತದೆ, ಕೆಲವು ದಿನಕ್ಕೆ ಹೋಗುತ್ತದೆ. ಹೋಗದಿದ್ದರೆ ಡಾಕ್ಟರಿಗೆ ತೋರಿಸಿ.

ಡಯಟ್ ಕೋಲಾದಲ್ಲಿ ಸಕ್ಕರೆ ಇಲ್ಲ, ಬದಲಿಗೆ ಆಸ್ಪರ್ಟೇಮ್‌ನಂಥ ಕೃತಕ ಸಿಹಿಕಾರಕ ಇರುತ್ತದೆ. ನಾನೂ ಮದುವೆಮನೆಯಲ್ಲಿ ಕುಡಿದಿದ್ದೇನೆ. ಆದರೆ ತೂಕ ಇಳಿಸುವ ಆಸೆಯಿಂದ ಇಂಥ ಸಿಹಿಕಾರಕಗಳನ್ನು ನೆಚ್ಚಬೇಡಿ ಅಂತ 2023ರ ಮೇನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಈಗಾಗಲೇ ಸಕ್ಕರೆ ಕಾಯಿಲೆ ಇರುವವರಿಗೆ ಆ ಸಲಹೆ ಅನ್ವಯಿಸುವುದಿಲ್ಲ. ಅದೇ ವರ್ಷ ಜುಲೈನಲ್ಲಿ ಆಸ್ಪರ್ಟೇಮ್ ಅನ್ನು ಕ್ಯಾನ್ಸರ್ ತರುವ "ಸಾಧ್ಯತೆ ಇರುವ" ಪಟ್ಟಿಗೆ ಸೇರಿಸಿದರು. ಆದರೆ ದಿನಕ್ಕೆ ತೂಕದ ಪ್ರತಿ ಕಿಲೋಗೆ 40 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನು ಬದಲಿಸಲಿಲ್ಲ. ಹೆದರಿ ಓಡಬೇಕಾಗಿಲ್ಲ. ನನಗೆ ಬೇಡ ಅನ್ನಿಸುವ ಕಾರಣ ಬೇರೆ. ನಾಲಿಗೆ ಅದೇ ಸಿಹಿಯನ್ನು ಕೇಳುತ್ತಲೇ ಇರುತ್ತದೆ. ನೀವು 100ರಿಂದ 80ಕ್ಕೆ ಇಳಿಸಿದ್ದೀರಲ್ಲ, ಆ ದಾರಿ ಬಿಡಬೇಡಿ.

ಅಡುಗೆಕೋಣೆ (ಶಿವಮೊಗ್ಗ)
ಕೋಲಾ ರುಚಿ ಬರಿಸಬಹುದು ಅಕ್ಕ! ಅದರ ಪರಿಮಳ ಹೆಚ್ಚಾಗಿ ನಮ್ಮ ಮಸಾಲೆ ಡಬ್ಬಿಯಲ್ಲೇ ಇದೆ. ಎರಡು ಕಿತ್ತಳೆ, ಒಂದು ನಿಂಬೆಯ ಹೊರಸಿಪ್ಪೆ ಮಾತ್ರ ತೆಳ್ಳಗೆ ಹೆರೆಯಿರಿ. ಒಳಗಿನ ಬಿಳಿ ಭಾಗ ಸೇರಿದರೆ ಕಹಿ. ಒಂದು ಇಂಚು ಚಕ್ಕೆ, ಒಂದು ಚಮಚ ಕೊತ್ತಂಬರಿ ಬೀಜ, ಒಂದು ಚಕ್ರಮೊಗ್ಗು, ಜಾಯಿಕಾಯಿ ನಾಲ್ಕು ಸಲ ತೇಯ್ದಷ್ಟು, ಶುಂಠಿ ಒಂದು ಚೂರು. ಅರ್ಧ ಲೀಟರ್ ನೀರಲ್ಲಿ ಸಣ್ಣ ಉರಿಯಲ್ಲಿ ಕಾಲು ಗಂಟೆ. ಕಂದು ಬಣ್ಣದ ಹಳೆ ಬೆಲ್ಲ 100 ಗ್ರಾಂ ಕರಗಿಸಿ ಸೋಸಿ. ಆರಿದ ಮೇಲೆ ಎರಡು ನಿಂಬೆಯ ರಸ, ವೆನಿಲಾ ಕೆಲವು ಹನಿ. ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಮಸಾಲೆಗಳು ಹೊಂದಿಕೊಳ್ಳುತ್ತವೆ. ಲೋಟಕ್ಕೆ ಎರಡು ಊಟದ ಚಮಚ, ಮೇಲೆ ಕೊರೆಯುವ ಸೋಡಾ.

ಬಾಟಲಿಯದ್ದೇ ರುಚಿ ಪೂರ್ತಿ ಬರುವುದಿಲ್ಲ, ಹತ್ತಿರ ಬರುತ್ತದೆ. ಜಾಯಿಕಾಯಿ ಮಾತ್ರ ಜಾಸ್ತಿ ಹಾಕಬೇಡಿ, ಮಕ್ಕಳಿಗೆ ಒಳ್ಳೆಯದಲ್ಲ. ಮಗನ ಕೈಯಲ್ಲೇ ಮಾಡಿಸಿ. ಕಿತ್ತಳೆ ಜಾಸ್ತಿ ಬೇಕಾ, ಚಕ್ಕೆ ಜಾಸ್ತಿ ಬೇಕಾ ಅಂತ ಅವನೇ ತೀರ್ಮಾನಿಸಲಿ. ತಾನು ಮಾಡಿದ್ದನ್ನು ಹುಡುಗರು ಬಿಟ್ಟುಕೊಡುವುದಿಲ್ಲ.

ಕಡಲತಡಿ (ಮಂಗಳೂರು)
ಇದಕ್ಕೆ ಸೊಗದೆ ಬೇರು ಸೇರಿಸಿ ನೋಡಿ. ನನ್ನಾರಿ ಅಂತಲೂ ಕರೆಯುತ್ತಾರೆ, ಗಿಡಮೂಲಿಕೆ ಅಂಗಡಿಯಲ್ಲಿ ಸಿಗುತ್ತದೆ. ಬೇರನ್ನು ಜಜ್ಜಿ ಮಸಾಲೆ ಜೊತೆ ಹಾಕಿದರೆ ವೆನಿಲಾ ಬೇಕಾಗುವುದೇ ಇಲ್ಲ, ಅದರ ಪರಿಮಳವೇ ಹಾಗಿದೆ.

ಬೆಣ್ಣೆನಗರಿ
ಭಾನುವಾರ ಮಗನೇ ಮಾಡುತ್ತಾನಂತೆ, ಪಟ್ಟಿ ಬರೆದುಕೊಂಡಿದ್ದಾನೆ. ಇನ್ನೊಂದು ಕೊನೆಯ ಪ್ರಶ್ನೆ. ಮುಂದಿನ ತಿಂಗಳು ಮಗಳ ಹುಟ್ಟುಹಬ್ಬ, 25 ಮಕ್ಕಳು. ಗ್ಯಾಸು ಹೋಗದ ಹಾಗೆ ಅಷ್ಟು ಜನಕ್ಕೆ ಹೇಗೆ ಕೊಡುವುದು?

ಸೋಡಾಮನೆ (ಮೈಸೂರು)
ದೊಡ್ಡ ಪಾತ್ರೆಯಲ್ಲಿ ಬೆರೆಸಿಡಬೇಡಿ ಮೇಡಂ, ಹತ್ತು ನಿಮಿಷಕ್ಕೆ ಸಪ್ಪೆ. ರಸಗಳನ್ನು ಹಿಂದಿನ ದಿನವೇ ಮಾಡಿ ಫ್ರಿಜ್ಜಿನಲ್ಲಿಡಿ. 200 ಮಿಲಿ ಲೋಟ ಲೆಕ್ಕ ಹಾಕಿದರೆ ಒಬ್ಬರಿಗೆ ಒಂದೂವರೆ ಲೋಟ, ಒಟ್ಟು ಏಳೂವರೆ ಲೀಟರ್. ಸೋಡಾ ಎಂಟು ಲೀಟರ್ ಇರಲಿ. ಚಿಕ್ಕ ಬಾಟಲಿಗಳೇ ವಾಸಿ, ದೊಡ್ಡದನ್ನು ತೆರೆದರೆ ಕೊನೆಯ ಲೋಟಕ್ಕೆ ಗ್ಯಾಸಿರುವುದಿಲ್ಲ. ಬಕೆಟ್ಟಿನಲ್ಲಿ ಐಸ್ ನೀರು ಹಾಕಿ ಬಾಟಲಿಗಳನ್ನು ಎರಡು ಗಂಟೆ ಮುಳುಗಿಸಿಡಿ. ಲೋಟಕ್ಕೆ ಮೊದಲು ರಸ, ಆಮೇಲೆ ಲೋಟ ಓರೆ ಮಾಡಿ ಸೋಡಾ ನಿಧಾನಕ್ಕೆ ಸುರಿದು ಒಂದೇ ಸಲ ಕಲಕಿ. ಐಸನ್ನು ಕುದಿಸಿ ಆರಿಸಿದ ನೀರಿನಿಂದ ಮನೆಯಲ್ಲೇ ಮಾಡಿ, ಹೊರಗಿನ ಐಸ್ ಬಾಟಲಿ ತಣಿಸೋಕೆ ಮಾತ್ರ. ಹೊಗೆ ಬರಲಿ ಅಂತ ಡ್ರೈ ಐಸ್ (ಗಟ್ಟಿಯಾಗಿಸಿದ ಕಾರ್ಬನ್ ಡೈಆಕ್ಸೈಡ್) ತರುವವರಿದ್ದಾರೆ, ಅದನ್ನು ಮಕ್ಕಳ ಹತ್ತಿರಕ್ಕೂ ತರಬೇಡಿ. ಕಾಮಕಸ್ತೂರಿ ಬೀಜ ಹಾಕುವುದಾದರೆ ಅರ್ಧ ಗಂಟೆ ಮುಂಚೆಯೇ ಪೂರ್ತಿ ನೆನೆಸಿಟ್ಟಿರಿ, ಒಣಬೀಜ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಅಡುಗೆಕೋಣೆ (ಶಿವಮೊಗ್ಗ)
25 ಮಕ್ಕಳಿಗೆ ಪುನರ್ಪುಳಿ ರಸ ಎರಡು ಲೀಟರ್ ಮಾಡಿ, ಅರವತ್ತು ಎಪ್ಪತ್ತು ಸಿಪ್ಪೆ ಬೇಕಾಗುತ್ತದೆ. ಮಕ್ಕಳ ಪಾಲಿಗೆ ಹಸಿಮೆಣಸು ಬಿಟ್ಟುಬಿಡಿ. ಪಕ್ಕದಲ್ಲಿ ಮಸಾಲೆ ಮಜ್ಜಿಗೆಯ ಒಂದು ಜಗ್ ಇಟ್ಟಿರಿ, ಗುಳ್ಳೆ ಬೇಡ ಅನ್ನುವ ಮಕ್ಕಳೂ ಇರುತ್ತಾರೆ.